ಇದು ಆವ್ರೋ ಸದ್ದಲ್ಲ ಕಣೋ!

ನಮ್ಮ ದೊಡ್ಡ ಮಾವನ ಮನೆ ಇದ್ದದ್ದು ಮುರುಗೇಶಪಾಳ್ಯದಲ್ಲಿ. ಬೆಂಗಳೂರಿನ ಹಳೇ ಏರ್‌ಪೋರ್ಟ್ ಹತ್ತಿರ ಅಂದರೆ ಗೊತ್ತಲ್ಲ, ತಲೆ ಮೇಲೇ ವಿಮಾನ. ಮಾತಿನ ಮಧ್ಯೆ ವಿಮಾನ ಬಂದರೆ ಎಲ್ಲರೂ ಅರ್ಧಕ್ಕೇ ನಿಲ್ಲಿಸಿ, ಅದು ಹೋದ ಮೇಲೆ ಅದೇ ವಾಕ್ಯವನ್ನು ಮುಂದುವರಿಸುವುದು ಆ ಮನೆಯ ಪದ್ಧತಿ. ಮಾವ ಮಾತ್ರ ತಲೆ ಎತ್ತುತ್ತಲೇ ಇರಲಿಲ್ಲ. ಪೇಪರ್ ಓದುತ್ತಲೇ "ಬೋಯಿಂಗು", "ಏರ್‌ಬಸ್ಸು", "ಆವ್ರೋ" ಅಂತ ಹೇಳಿಬಿಡೋರು.

2005ರ ಸುಮಾರಿಗೆ ನನಗೆ ಫ್ಲೈಟ್ ಸಿಮ್ಯುಲೇಟರ್ ಹುಚ್ಚು ಹಿಡಿದಿತ್ತು. ಎಚ್.ಎಸ್. 748 ವಿಮಾನವನ್ನು, ಅಂದರೆ ನಮ್ಮ ಆವ್ರೋವನ್ನು, ಯಾರೋ ಪುಣ್ಯಾತ್ಮರು ಎಫ್‌ಎಸ್ 2004ಕ್ಕೆ ಮಾಡಿ ಪುಕ್ಕಟೆಯಾಗಿ ಹಂಚಿದ್ದರು. ಇಳಿಸಿಕೊಂಡು, ಮಾವನನ್ನು ಕರೆದು ಕೂರಿಸಿ, ಜಂಬದಿಂದ ಎಂಜಿನ್ ಶುರು ಮಾಡಿದೆ. ಮಾವ ಒಂದು ನಿಮಿಷ ಕೇಳಿ ಹೇಳಿದರು: "ಚಿತ್ರ ಚೆನ್ನಾಗಿದೆ. ಆದ್ರೆ ಇದು ಆವ್ರೋ ಸದ್ದಲ್ಲ ಕಣೋ. ಆವ್ರೋ ಶಿಳ್ಳೆ ಹೊಡೆಯತ್ತೆ."

ಸಿಕ್ಕಿಬಿದ್ದಿದ್ದೆ! ಡಯಲ್-ಅಪ್ ಕಾಟಕ್ಕೆ ಬೇಸತ್ತು ಸದ್ದಿನ ಫೈಲುಗಳನ್ನು ಇಳಿಸಿಕೊಂಡಿರಲಿಲ್ಲ. ಆಟದ ಜೊತೆ ಬಂದಿದ್ದ ಕಿಂಗ್ ಏರ್ ವಿಮಾನದ ಸದ್ದನ್ನೇ ಎರವಲು ಕೊಟ್ಟಿದ್ದೆ. ಅವತ್ತಿನಿಂದ ಈ 'ಸೌಂಡ್ ಪ್ಯಾಕ್'ಗಳ ಕಥೆ ನನ್ನ ತಲೆಗೆ ಹೊಕ್ಕಿತು. ಅದನ್ನೇ ಇವತ್ತು ಹೇಳ್ತೀನಿ, ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ :)

ಶುರುವಾದದ್ದು ಅಮೆರಿಕದಲ್ಲಿ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದಿದ ಬ್ರೂಸ್ ಆರ್ಟ್‌ವಿಕ್ ಅವರ ಸಬ್‌ಲಾಜಿಕ್ ಕಂಪನಿ ಮೊದಲು ಆಪಲ್-2 ಕಂಪ್ಯೂಟರಿಗೆ ಫ್ಲೈಟ್ ಸಿಮ್ಯುಲೇಟರ್ ತಂದಿತು. 1982ರಲ್ಲಿ ಅದೇ ಮೈಕ್ರೋಸಾಫ್ಟ್ ಹೆಸರಲ್ಲಿ ಐಬಿಎಂ ಪಿಸಿಗೆ ಬಂತು. ಆಗಿನ ಪಿಸಿಯಲ್ಲಿದ್ದದ್ದು ಪೆಟ್ಟಿಗೆಯೊಳಗೆ ಒಂದು ಪುಟ್ಟ ಸ್ಪೀಕರ್. ಒಂದು ಸಲಕ್ಕೆ ಒಂದೇ ಸ್ವರ, ಅದೂ ಬರೀ 'ಕೀಂ' ಅನ್ನುವಂಥದ್ದು. ಅದರಲ್ಲಿ ಸೆಸ್ನಾ ಹಾರಿಸಿದರೂ ಅಷ್ಟೇ, ಜೆಟ್ ಹಾರಿಸಿದರೂ ಅಷ್ಟೇ. ಉಳಿದದ್ದನ್ನು ಆಡುವವನ ಮನಸ್ಸೇ ತುಂಬಿಕೊಳ್ಳಬೇಕಿತ್ತು.

1987ರಲ್ಲಿ ಆಡ್‌ಲಿಬ್, 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಬಂದವು. ಸೌಂಡ್ ಬ್ಲಾಸ್ಟರಿನಲ್ಲಿ ಬರೀ ಸಂಗೀತವಷ್ಟೇ ಅಲ್ಲ, ನಿಜವಾದ ಧ್ವನಿಮುದ್ರಣವನ್ನೂ ಆಟದೊಳಗೆ ನುಡಿಸಬಹುದಿತ್ತು. ಎಂಜಿನ್ನಿನ ಸದ್ದನ್ನು 'ಹುಟ್ಟಿಸುವ' ಕಾಲ ಹೋಗಿ 'ಹಿಡಿದು ತರುವ' ಕಾಲ ಬಂತು.

ಆದರೆ ನಿಜವಾದ ತಿರುವು 1997ರ ಎಫ್‌ಎಸ್ 98 ಹೊತ್ತಿನದು. ಅದರಲ್ಲಿ ಒಂದೊಂದು ವಿಮಾನಕ್ಕೂ ಒಂದೊಂದು ಫೋಲ್ಡರ್. ಒಳಗೆ ಆಕಾರಕ್ಕೆ, ಬಣ್ಣಕ್ಕೆ, ಪ್ಯಾನೆಲ್ಲಿಗೆ, ಸದ್ದಿಗೆ ಬೇರೆ ಬೇರೆ ಫೋಲ್ಡರುಗಳು. ಸದ್ದಿನ ಫೋಲ್ಡರಿನಲ್ಲಿ ಒಂದಷ್ಟು ವೇವ್ ಫೈಲುಗಳು, ಜೊತೆಗೆ 'ಸೌಂಡ್ ಡಾಟ್ ಸಿಎಫ್‌ಜಿ' ಅನ್ನೋ ಸಾದಾ ಪಠ್ಯದ ಫೈಲು. ನೋಟ್‌ಪ್ಯಾಡಿನಲ್ಲಿ ತೆರೆದು ಯಾರು ಬೇಕಾದರೂ ತಿದ್ದಬಹುದು. ಎಂಜಿನ್ ಇಷ್ಟು ವೇಗದಲ್ಲಿ ತಿರುಗುವಾಗ ಈ ಫೈಲಿನ ದನಿ ಇಷ್ಟು ಜೋರು, ಶ್ರುತಿ ಇಷ್ಟು ಏರು ಅಂತ ಅಂಕಿಗಳಲ್ಲಿ ಬರೆದಿಡುವುದು. ರೆಕ್ಕೆಯ ಫ್ಲ್ಯಾಪ್ ಇಳಿಸುವುದಕ್ಕೆ, ಚಕ್ರ ನೆಲ ಮುಟ್ಟುವುದಕ್ಕೆ, ಗಾಳಿಗೆ, ಎಲ್ಲಕ್ಕೂ ಒಂದೊಂದು ಸಾಲು. ನನ್ನಂಥ ಸೋಮಾರಿಗಳಿಗೆ 'ಅಲಿಯಾಸ್' ಅಂತ ಒಂದು ಸಾಲು, ಪಕ್ಕದ ವಿಮಾನದ ಸದ್ದನ್ನು ಎರವಲು ಪಡೆಯುವುದಕ್ಕೆ!

ಬಾಗಿಲು ತೆರೆದಿದ್ದೇ ತಡ, ಪ್ರಪಂಚದ ಮೂಲೆಮೂಲೆಯ ಹವ್ಯಾಸಿಗಳು ಮೈಕು ಹಿಡಿದು ಹೊರಟರು. ರನ್‌ವೇ ಬೇಲಿಯ ಪಕ್ಕ ನಿಂತರು, ಪ್ರಯಾಣಿಕರಾಗಿ ಕೂತು ಕಿಟಕಿ ಹತ್ತಿರ ರೆಕಾರ್ಡರ್ ಇಟ್ಟರು.

ಇದು ಸುಲಭದ ಕೆಲಸ ಅಂದುಕೊಳ್ಳಬೇಡಿ. ವಿಮಾನ ಗಂಟೆಗಟ್ಟಲೆ ಹಾರುತ್ತೆ, ಫೈಲು ಇರುವುದು ಕೆಲವೇ ಸೆಕೆಂಡು. ಹಾಗಾಗಿ ತುಣುಕಿನ ತುದಿಯನ್ನೂ ಬುಡವನ್ನೂ ಹೊಲಿಗೆ ಕಾಣದ ಹಾಗೆ ಸೇರಿಸಬೇಕು. ಒಂದಿಷ್ಟು ತಪ್ಪಿದರೆ ಎರಡು ಸೆಕೆಂಡಿಗೊಮ್ಮೆ 'ಟಕ್' ಅನ್ನುತ್ತೆ, ಒಂದು ಸಲ ಕಿವಿಗೆ ಬಿತ್ತೋ, ಮುಗೀತು, ಆಮೇಲೆ ಬೇರೇನೂ ಕೇಳಿಸುವುದಿಲ್ಲ. ಇನ್ನೊಂದು ಕಷ್ಟ ಶ್ರುತಿಯದ್ದು. ಟೇಪ್ ರೆಕಾರ್ಡರಿನ ಸೆಲ್ ಮುಗಿಯುತ್ತಾ ಬಂದಾಗ ಅಣ್ಣಾವ್ರ ಹಾಡು ಎಳೆದೆಳೆದು ಬರುತ್ತಿತ್ತು ನೆನಪಿದೆಯಾ? ಒಂದೇ ಮುದ್ರಣವನ್ನು ಹಿಗ್ಗಿಸಿ ಕುಗ್ಗಿಸಿದರೆ ಎಂಜಿನ್ನೂ ಹಾಗೇ ಆಗುತ್ತೆ. ಅದಕ್ಕೇ ನಿಧಾನ, ಮಧ್ಯಮ, ಪೂರ್ತಿ ವೇಗಗಳಲ್ಲಿ ಬೇರೆ ಬೇರೆ ಮುದ್ರಿಸಿ, ಒಂದು ಇಳಿಯುವಾಗ ಇನ್ನೊಂದು ಏರುವ ಹಾಗೆ ಹೆಣೆಯಬೇಕು.

ಕೂತ ಜಾಗವೂ ಮುಖ್ಯ. ದೊಡ್ಡ ಜೆಟ್ ಎಂಜಿನ್ನಿನ ಫ್ಯಾನಿನ ರೆಕ್ಕೆಗಳ ತುದಿ ಟೇಕಾಫ್ ಹೊತ್ತಿನಲ್ಲಿ ಶಬ್ದದ ವೇಗವನ್ನೂ ಮೀರುತ್ತವೆ. ಎಂಜಿನ್ನಿಗಿಂತ ಮುಂದೆ ಕೂತವರಿಗೆ ಅದು ಮರ ಕೊಯ್ಯುವ ಗರಗಸದ ಹಾಗೆ ಕೇಳುತ್ತೆ. ಹಿಂದೆ ಕೂತವರಿಗೆ ಬರೀ ಭೋರ್ಗರೆತ. ಒಳ್ಳೆಯ ಸೌಂಡ್ ಪ್ಯಾಕಿನಲ್ಲಿ ಈ ವ್ಯತ್ಯಾಸ ಇರಲೇಬೇಕು.

ಇನ್ನು 'ನಾಯಿ'ಯ ವಿಷಯ. ಏರ್‌ಬಸ್ 320ರಲ್ಲಿ ಹೋಗಿದ್ದೀರಾದರೆ, ವಿಮಾನ ಇನ್ನೂ ನೆಲದ ಮೇಲಿರುವಾಗ ಕಾಲ ಕೆಳಗಿಂದ ಯಾವುದೋ ನಾಯಿ ಬೊಗಳಿದ ಹಾಗೆ ಕೇಳಿರುತ್ತೆ. ಅದು ಹೈಡ್ರಾಲಿಕ್ ಒತ್ತಡ ಸರಿದೂಗಿಸುವ ಪಿಟಿಯು ಅನ್ನೋ ಯಂತ್ರ. ಎಡ ಎಂಜಿನ್ ಒಂದು ಹೈಡ್ರಾಲಿಕ್ ವ್ಯವಸ್ಥೆಗೆ ಒತ್ತಡ ಕೊಡುತ್ತೆ, ಬಲ ಎಂಜಿನ್ ಇನ್ನೊಂದಕ್ಕೆ. ಒಂದೇ ಎಂಜಿನ್ ಓಡುತ್ತಿದ್ದು, ಎರಡರ ನಡುವಿನ ಒತ್ತಡದ ವ್ಯತ್ಯಾಸ ಸುಮಾರು 500 ಪಿಎಸ್‌ಐ ದಾಟಿದರೆ ಇದು ಬೊಗಳಲು ಶುರು. ಸಿಮ್ಯುಲೇಟರ್ ಹುಚ್ಚರಿಗೆ ಈ ಬೊಗಳಿಕೆ ಇಲ್ಲದ ಏರ್‌ಬಸ್ ಏರ್‌ಬಸ್ಸೇ ಅಲ್ಲ!

ಕ್ರಮೇಣ ಇದು ವ್ಯಾಪಾರವೂ ಆಯಿತು. ಟರ್ಬೈನ್ ಸೌಂಡ್ ಸ್ಟುಡಿಯೋಸ್‌ನಂಥ ಸಂಸ್ಥೆಗಳು ವಿಮಾನಕ್ಕೊಂದಲ್ಲ, ಎಂಜಿನ್ನಿಗೊಂದು ಪ್ಯಾಕ್ ಮಾಡಿ ಮಾರಿದವು. ತಂತ್ರವೂ ಬದಲಾಯಿತು. 2017ರ ಎಕ್ಸ್-ಪ್ಲೇನ್ 11 ಎಫ್‌ಮಾಡ್ ಅನ್ನೋ ಧ್ವನಿ ವ್ಯವಸ್ಥೆಯನ್ನು ಬಳಸಿತು, 2020ರ ಮೈಕ್ರೋಸಾಫ್ಟ್ ಸಿಮ್ಯುಲೇಟರ್ ವೈಸ್ ಅನ್ನೋದನ್ನು. ನೋಟ್‌ಪ್ಯಾಡ್ ಕಾಲ ಮುಗಿದು ಸ್ಟುಡಿಯೋ ಕಾಲ ಬಂತು.

ಇಷ್ಟೆಲ್ಲಾ ಯಾಕೆ ಹೇಳಿದೆ ಅಂದರೆ, ಆಟ ಚೆನ್ನಾಗಿರಲಿ ಅಂತ ಶುರು ಮಾಡಿದ ಈ ಜನ ಗೊತ್ತಿಲ್ಲದೇ ಇನ್ನೊಂದು ಕೆಲಸ ಮಾಡಿಬಿಟ್ಟರು. ಕಾಂಕಾರ್ಡ್ ಕೊನೆಯ ಸಲ ಹಾರಿದ್ದು 2003ರ ನವೆಂಬರಿನಲ್ಲಿ. ಮ್ಯೂಸಿಯಮ್ಮಿಗೆ ಹೋಗಿ ವಿಮಾನ ನೋಡಬಹುದು, ಮುಟ್ಟಬಹುದು. ಆದರೆ ಅದರ ನಾಲ್ಕು ಒಲಿಂಪಸ್ ಎಂಜಿನ್ನುಗಳು ಟೇಕಾಫಿಗೆ ಗರ್ಜಿಸುವುದನ್ನು ಇನ್ನು ಯಾರೂ ಹೊಸದಾಗಿ ಮುದ್ರಿಸಲಾರರು. ಇದ್ದದ್ದೇ ಇರುವುದು.

ಇದ್ದದ್ದೂ ಎಷ್ಟು ಭದ್ರ? ಸಿಮ್ಯುಲೇಟರ್ ಹವ್ಯಾಸಿಗಳು 1996ರಿಂದ ಕೂಡಿಟ್ಟ ಉಚಿತ ಫೈಲುಗಳ ದೊಡ್ಡ ಭಂಡಾರ ಆವ್‌ಸಿಮ್. ಅಲ್ಲಿ ಎರಡು ಸರ್ವರ್, ಒಂದರ ಬ್ಯಾಕಪ್ ಇನ್ನೊಂದರಲ್ಲಿ. 2009ರ ಮೇ ತಿಂಗಳಲ್ಲಿ ಹ್ಯಾಕರ್ ದಾಳಿಯಾಗಿ ಎರಡೂ ಅಳಿಸಿಹೋದವು. ಹದಿಮೂರು ವರ್ಷದ ಶ್ರಮ! ತಾಣ ಮತ್ತೆ ಎದ್ದು ನಿಂತಿತು ನಿಜ, ಆದರೆ ಆ ಸುದ್ದಿ ಓದಿದ ದಿನ ನನಗೆ ಊಟ ಸೇರಿರಲಿಲ್ಲ.

ಮತ್ತೆ ಮಾವನ ಹತ್ತಿರ ಬರೋಣ. ಮುಂದಿನ ವಾರವೇ ಬ್ರೌಸಿಂಗ್ ಸೆಂಟರಿಗೆ ಹೋಗಿ ಡಾರ್ಟ್ ಎಂಜಿನ್ನಿನ ಸದ್ದನ್ನು ಇಳಿಸಿ ತಂದೆ. ಆವ್ರೋಗೆ ರೆಕ್ಕೆಗೊಂದು ರೋಲ್ಸ್-ರಾಯ್ಸ್ ಡಾರ್ಟ್ ಎಂಜಿನ್, ಟೇಕಾಫಿಗೆ ನಿಮಿಷಕ್ಕೆ 15,000 ಸುತ್ತು ತಿರುಗುವಂಥದ್ದು. ಮಾವ ಹೇಳಿದ ಶಿಳ್ಳೆ ಅದರದ್ದೇ. ಎಚ್‌ಎಎಲ್ ಕಾನ್ಪುರದಲ್ಲಿ ಇಂಥ ವಿಮಾನಗಳನ್ನು ಕಟ್ಟಿತ್ತು, 1961ರಲ್ಲಿ ಮೊದಲನೆಯದು ಹಾರಿತ್ತು.

ಎಂಜಿನ್ ಶುರು ಮಾಡಿದೆ. ಮಾವ ಈ ಸಲ ಪೇಪರ್ ಕೆಳಗಿಟ್ಟರು. ಕಣ್ಣು ಮುಚ್ಚಿ ಕೇಳಿದರು. "ಈಗ ಸರಿ ಹೋಯ್ತು" ಅಂದರು, ಅಷ್ಟೇ.

2008ರ ಮೇನಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಮನೆಯಲ್ಲಿ ಮಾತು ತುಂಡಾಗುವುದು ಕಡಿಮೆಯಾಯಿತು. ಒಂದು ದಿನ ಮಾವನೇ "ಯಾಕೋ ಬೇಜಾರು ಕಣೋ, ಆ ಆವ್ರೋ ಹಾಕು" ಅಂದಿದ್ದರು. ಈಗ ಮಾವ ಇಲ್ಲ. ಆ ವೇವ್ ಫೈಲುಗಳು ಮಾತ್ರ ನನ್ನ ಹತ್ತಿರ ಮೂರು ಕಡೆ ಇವೆ.

ಅವರ "ಈಗ ಸರಿ ಹೋಯ್ತು" ಅನ್ನೋ ದನಿಯನ್ನು ಮುದ್ರಿಸಿಕೊಳ್ಳಬೇಕು ಅಂತ ಮಾತ್ರ ನನಗೆ ಅವತ್ತು ಹೊಳೆಯಲೇ ಇಲ್ಲ.

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಇನ್ನೂ ಕೇಳುತ್ತಿರುವ ಯಾವ ಸದ್ದನ್ನು ಉಳಿಸಿಕೊಳ್ಳಬೇಕು ಅನ್ನಿಸುತ್ತೆ? ಯೋಚಿಸಿ ಹೇಳಿ. ಹೇಳುವ ಮೊದಲು ಮುದ್ರಿಸಿಕೊಂಡುಬಿಡಿ.