ಶ್ರೀಮಂಗಲದ ಸೀಮೆಯಲ್ಲಿ ಹಾಡು, ವಾದ್ಯ ಮತ್ತು ಪ್ರತಿಫಲ

ಸಂಚಾರಿ ಕಲಾವಿದರ ಸಂಪಾದನೆಯನ್ನು ವಿಚಾರಿಸುವವರು ಸಾಮಾನ್ಯವಾಗಿ ರಂಗಮಂದಿರ, ಟಿಕೀಟು, ಗುತ್ತಿಗೆಗಳನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಗೋಣಿಕೊಪ್ಪಲಿನಿಂದ ಕುಟ್ಟಕ್ಕೆ ಹೋಗುವ ದಾರಿಯಲ್ಲಿರುವ ಶ್ರೀಮಂಗಲವನ್ನೊಳಗೊಂಡ ದಕ್ಷಿಣ ಕೊಡಗಿನಲ್ಲಿ ಇವಾವುವೂ ಇಲ್ಲದೆ ಕಲೆಗೆ ಪ್ರತಿಫಲ ಸಲ್ಲುವ ಕ್ರಮವೊಂದು ಬೆಳೆದುಬಂದಿತು.

ಹೊಸ ಬತ್ತದ ಹಬ್ಬವಾದ ಪುತ್ತರಿಯ ದಿನಗಳಲ್ಲಿ ಕೊಡವ ಹಾಡುಗಾರರು ದುಡಿ ಬಾರಿಸುತ್ತ ಮನೆಮನೆಗೂ ಹೋಗಿ ಹಾಡುವರು. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯ ಹಾಡುಗಳು ಇಂತಹ ಬಾಯ್ದೆರೆಯ ಪರಂಪರೆಯವು. ಇಲ್ಲಿ ಮನೆಯ ಜಗಲಿಯೇ ರಂಗಸ್ಥಳ, ಮನೆಯವರ ಕಾಣಿಕೆಯೇ ಪ್ರತಿಫಲ. ಆ ಕಾಣಿಕೆ ಹಾಡುಗಾರನ ಜೀವನೋಪಾಯವಲ್ಲ. ಊರಿನವರೆಲ್ಲ ಕೂಡಿ ಉಣ್ಣುವ ‘ಊರೊರ್ಮೆ’ಯೊಡನೆ ಹಬ್ಬ ಮುಗಿಯುವಲ್ಲಿ ಅದರ ಅರ್ಥವೂ ತಿಳಿಯುತ್ತದೆ. ಎಂ. ಎನ್. ಶ್ರೀನಿವಾಸರು ೧೯೫೨ರ ತಮ್ಮ ಗ್ರಂಥದಲ್ಲಿ ಈ ಊಟವನ್ನು ಗ್ರಾಮೈಕ್ಯದ ಕುರುಹೆಂದು ವಿವೇಚಿಸಿದ್ದಾರೆ.

ವಾದ್ಯದ ಮಾತು ಬೇರೆ. ಮದುವೆಗೂ ದೇವರ ಹಬ್ಬಕ್ಕೂ ವಾಲಗ ಊದುತ್ತಿದ್ದವರು, ಪರೆ ಬಾರಿಸುತ್ತಿದ್ದವರು ಪೊಲೆಯರು ಮತ್ತು ಮೇದರು. ಪೊಲೆಯರಲ್ಲಿ ಅನೇಕರು ಒಡೆಯರ ಗದ್ದೆಗೆ ಕಟ್ಟುಬಿದ್ದ ಆಳುಗಳು. ನುಡಿಸಲಾರೆನೆನ್ನುವ ಅಧಿಕಾರ ಇಲ್ಲದವನಿಗೆ ಬೆಲೆ ಹೇಳುವ ಅಧಿಕಾರವಾದರೂ ಎಲ್ಲಿಯದು? ದೊರೆತ ಬತ್ತವನ್ನು ಕೂಲಿಯೆನ್ನುವುದಕ್ಕಿಂತ ಕಟ್ಟಳೆಯೆನ್ನುವುದೇ ಯುಕ್ತ.

ಇಂದು ಮದುವೆಗಳು ಬಹುಮಟ್ಟಿಗೆ ಕಲ್ಯಾಣಮಂಟಪಗಳಿಗೆ ಸರಿದಿವೆ. ವಾಲಗದವರನ್ನು ಹಣಕ್ಕೆ ಗೊತ್ತುಮಾಡುತ್ತಾರೆ. ಇದರಿಂದ ಹಳೆಯ ಸೊಬಗು ಕುಂದಿತೆಂದು ಹಲುಬುವವರುಂಟು. ಆದರೆ ಹಾಡಿದವನ ಕಾಣಿಕೆಯನ್ನೂ ಊದಿದವನ ಬತ್ತವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮೊದಲನೆಯವನು ಒಲಿದು ಹಾಡಿದನು. ಎರಡನೆಯವನಿಗೆ ತನ್ನ ಉಸಿರಿಗೆ ತಾನೇ ಬೆಲೆ ಕಟ್ಟುವ ಸ್ವಾತಂತ್ರ್ಯ ಹಣದ ಕರಾರಿನೊಡನೆಯೇ ಬಂದಿತು.