ಜಲವರ್ಣವಿದ್ಯೆಯೂ ಚಿತ್ರೋಪಾಧ್ಯಾಯರೂ

ಕಾಳಿದಾಸನ ಮಾಲವಿಕಾಗ್ನಿಮಿತ್ರ ನಾಟಕದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರೊಳಗೆ ಯಾರು ಮೇಲೆಂಬ ವಿವಾದವು ಹುಟ್ಟಲು, ಅದನ್ನು ಅವರ ಶಿಷ್ಯೆಯರ ಪ್ರಯೋಗದಿಂದಲೇ ನಿರ್ಣಯಿಸತಕ್ಕುದೆಂದು ಗೊತ್ತುಮಾಡುವರು. ತಾನು ಬಲ್ಲವನಾಗುವದು ಒಂದು. ಬಲ್ಲುದನ್ನು ಮತ್ತೊಬ್ಬರಲ್ಲಿ ನೆಲೆಗೊಳಿಸುವದು ಇನ್ನೊಂದು. ಈ ಎರಡನೆಯದು ತಪ್ಪಿದರೆ ವಿದ್ಯೆಗೆ ಏನು ಗತಿಯೆಂಬುದಕ್ಕೆ ವಿಜಯಪುರ ಸೀಮೆಯ ಚಿತ್ರಕಲೆಯೇ ಸಾಕ್ಷಿ.

ಈ ಸೀಮೆಗೆ ನೀರಿನಲ್ಲಿ ಕಲಸಿದ ಬಣ್ಣವು ಹೊಸದಲ್ಲ. ಒಂದನೆಯ ಅಲಿ ಆದಿಲಶಹನ ಕಾಲದಲ್ಲಿ, 1570ರಲ್ಲಿ, ಸಿದ್ಧವಾದ ‘ನುಜೂಮ್ ಅಲ್ ಉಲೂಮ್’ ಎಂಬ ಸಚಿತ್ರ ಗ್ರಂಥವು ಈಗ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಎರಡನೆಯ ಇಬ್ರಾಹಿಮನ (1580–1627) ಆಸ್ಥಾನದಲ್ಲಿ ಆ ಕಲೆಯು ಶಿಖರವನ್ನೇರಿತು. ಬಣ್ಣದ ಪುಡಿಗೆ ಗೋಂದು ಬೆರೆಸಿ, ಪದರದ ಮೇಲೆ ಪದರವಾಗಿ ದಟ್ಟವಾಗಿ ಹಚ್ಚಿ, ಕಾಗದವನ್ನು ಕಲ್ಲಿನಿಂದ ತಿಕ್ಕಿ ಹೊಳಪು ಕೊಡುವದು ಆಗಿನ ರೀತಿ. 1686ರಲ್ಲಿ ಔರಂಗಜೇಬನು ರಾಜ್ಯವನ್ನು ಗೆದ್ದ ಮೇಲೆ ಆಶ್ರಯವು ಅಳಿಯಿತು. ಚಿತ್ರಗಳು ದೇಶಾಂತರದಲ್ಲಿ ಉಳಿದವು. ಕಲಿಸುವ ಕೈಗಳು ಇಲ್ಲಿ ಉಳಿಯಲಿಲ್ಲ.

ಮುಂದೆ ಈ ಪ್ರಾಂತವು ಮುಂಬಯಿ ಇಲಾಖೆಗೆ ಸೇರಿತು. ಮುಂಬಯಿಯಲ್ಲಿ 1857ರಲ್ಲಿ ಆರಂಭವಾದ ಸರ್ ಜಮಶೇಟಜಿ ಜೀಜೀಭಾಯಿ ಕಲಾಶಾಲೆಯಲ್ಲಿ 1893ರಲ್ಲಿ ಡ್ರಾಯಿಂಗ್ ಮಾಸ್ತರರ ಶಿಕ್ಷಣಕ್ಕೆಂದೇ ಪ್ರತ್ಯೇಕ ವರ್ಗವು ಏರ್ಪಟ್ಟಿತು. ಕಲಿಸುವದಕ್ಕಾಗಿಯೇ ಕಲಿಯುವದೆಂಬ ಕ್ರಮವು ಹೀಗೆ ವ್ಯವಸ್ಥಿತವಾಯಿತು.

ಅಲ್ಲಿಂದ ಬಂದ ಪಾಶ್ಚಾತ್ಯ ಜಲವರ್ಣದ ಹದವೇ ಬೇರೆ. ಇದು ಪಾರದರ್ಶಕವಾದುದು, ಇದರಲ್ಲಿ ಕಾಗದದ ಬಿಳುಪೇ ಬೆಳಕು. ತಿಳಿಯಿಂದ ಗಾಢಕ್ಕೆ ಸಾಗಬೇಕಲ್ಲದೆ, ಒಮ್ಮೆ ಕಪ್ಪಾದುದನ್ನು ಹಿಂದಕ್ಕೆ ತರುವದು ಕಷ್ಟ. ಹಲಗೆಯನ್ನು ತುಸು ಓರೆಯಾಗಿಟ್ಟು, ತುಂಬಿದ ಕುಂಚದಿಂದ ಬಣ್ಣದ ನೀರಿನ ಅಂಚನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಮನೆ ಇಳಿಸಬೇಕು. ವಿಜಯಪುರದ ವೈಶಾಖದ ಬಿಸಿಲಿನಲ್ಲಿ ಆ ಅಂಚು ಅರ್ಧದಲ್ಲಿಯೇ ಆರಿ ಕಲೆಗಟ್ಟುವದು. ಕಾಗದವನ್ನು ಮುಂಚೆ ನೆನೆಯಿಸಿಕೊಂಡರೆ ಈ ದೋಷವು ತಗ್ಗುವದು. ಇಂಥ ಮರ್ಮಗಳು ಕೈಗೆ ಹತ್ತುವದು ಹತ್ತು ಹಾಳೆ ಕೆಟ್ಟ ಮೇಲೆಯೇ. ತಾನು ಹಾಳೆ ಕೆಡಿಸದ ಮಾಸ್ತರನು ಹುಡುಗನ ಹಾಳೆ ಏಕೆ ಕೆಟ್ಟಿತೆಂಬುದನ್ನು ಹೇಗೆ ಹೇಳಿಯಾನು?

ಮುಂಬಯಿಯಲ್ಲಿ ಕಲಿತು ಬಂದ ಡಿ. ವ್ಹಿ. ಹಾಲಭಾವಿಯವರು 1935ರಲ್ಲಿ ಧಾರವಾಡದಲ್ಲಿ ಕಲಾಶಾಲೆಯನ್ನು ತೆರೆದರು. ಕನ್ನಡ ನಾಡಿನ ಹುಡುಗನು ಈ ವಿದ್ಯೆಯನ್ನು ತನ್ನ ನುಡಿಯಲ್ಲಿಯೇ ಕೇಳಿ ಕಲಿಯುವ ಅನುಕೂಲವು ಇಂಥ ಶಾಲೆಗಳಿಂದ ಉಂಟಾಯಿತು. ಸ್ವಂತ ಕೀರ್ತಿಗಾಗಿ ಮುಂಬಯಿಯಲ್ಲಿಯೇ ನಿಲ್ಲದೆ ತಿರುಗಿ ಬಂದವರ ಉಪಕಾರವು ಸಣ್ಣದಲ್ಲ.

ಬಬಲೇಶ್ವರ ಭಾಗದ ನಿಡೋಣಿಯಂಥ ಗ್ರಾಮದ ಬಾಲಕನು ತನ್ನ ಸೀಮೆಯ ಚಿತ್ರವನ್ನು ನೋಡಲು ಡಬ್ಲಿನ್ನಿಗೆ ಹೋಗಲಾರನು. ಅವನ ಪಾಲಿಗೆ ಆದಿಲಶಾಹಿಯ ಚಿತ್ರಶಾಲೆಯೂ ಮುಂಬಯಿಯ ಕಲಾಶಾಲೆಯೂ ತನ್ನ ಊರ ಸಾಲೆಯ ಮಾಸ್ತರರ ಕುಂಚದ ತುದಿಯಲ್ಲಿಯೇ ಇರುವವು. ಆ ಕುಂಚವು ಒಣಗದಂತೆ ನೋಡಿಕೊಳ್ಳುವದು ಸಮಾಜದ ಹೊಣೆಯಲ್ಲವೆ?