ನಮ್ಮ ಕಡೆಯ ಹುಡುಗಿಯರ ಫಿಜಿಕ್ಸು

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರನ್ನೂ ಒಂದೇ ರೈಲುದಾರಿ ಪೋಣಿಸಿದೆ. ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ಈ ದಾರಿಯಲ್ಲಿ ಹತ್ತಿ ಹೋಯಿತು, ಮೆಣಸಿನಕಾಯಿ ಹೋಯಿತು, ಓದುವ ಹುಡುಗರು ಧಾರವಾಡಕ್ಕೆ ಹೋದರು. ಹುಡುಗಿಯರು ಗಾಡಿ ಹತ್ತಿದ್ದು ತಡವಾಗಿ. ಫಿಜಿಕ್ಸ್ ಓದಲೆಂದು ಹತ್ತಿದ್ದು ಇನ್ನೂ ತಡವಾಗಿ. ಯಾಕೆ ತಡವಾಯಿತು ಎಂದರೆ ಈಗಲೂ ಒಂದು ಸಿದ್ಧ ಉತ್ತರ ಸಿಗುತ್ತದೆ: ಹೆಣ್ಣುಮಕ್ಕಳ ತಲೆಗೆ ಲೆಕ್ಕ ಹತ್ತುವುದಿಲ್ಲ. ಆ ಮಾತನ್ನು ನಾನು ಒಪ್ಪುವುದಿಲ್ಲ.

ಪಿಯುಸಿಯ ಫಿಜಿಕ್ಸಿಗೆ ಬೇಕಾಗುವ ಗಣಿತ ಬಹುಪಾಲು ಬೀಜಗಣಿತವೇ. ಗೊತ್ತಿಲ್ಲದ್ದನ್ನು ಒಂದು ಬದಿಗೆ ಇಟ್ಟು, ಗೊತ್ತಿರುವುದನ್ನೆಲ್ಲ ಇನ್ನೊಂದು ಬದಿಗೆ ಸಾಗಿಸುವುದು. ಈ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ ಬರೆದ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿಯೇ ‘ವ್ಯವಹಾರಗಣಿತ’ ರಚಿಸಿದ. ಅದೇ ಶತಮಾನದ ಭಾಸ್ಕರಾಚಾರ್ಯನಂತೂ ತನ್ನ ಗಣಿತದ ಪುಸ್ತಕಕ್ಕೆ ‘ಲೀಲಾವತಿ’ ಎಂದು ಹೆಣ್ಣಿನ ಹೆಸರಿಟ್ಟು, ಅನೇಕ ಲೆಕ್ಕಗಳನ್ನು ಹೆಣ್ಣನ್ನೇ ಕರೆದು ಕೇಳುತ್ತಾನೆ. ಇವರೆಲ್ಲ ಹೇಳಿಕೊಟ್ಟ ತ್ರೈರಾಶಿಕವನ್ನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ಬಾಯಲ್ಲೇ ಮಾಡುತ್ತಾರೆ. ಇಷ್ಟು ಕಿಲೊಗೆ ಇಷ್ಟು ಕೂಲಿಯಾದರೆ ಅಷ್ಟಕ್ಕೆ ಎಷ್ಟು? ಕಾಲೇಜಿನ ಓಮ್ ನಿಯಮ ಇದಕ್ಕಿಂತ ಹೆಚ್ಚಿನದೇನನ್ನೂ ಕೇಳುವುದಿಲ್ಲ.

ಹಾಗಾದರೆ ಅಡ್ಡ ಬಂದದ್ದು ಯಾವುದು? ಮೊದಲನೆಯದು ಬಾಗಿಲು. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಶುರುವಾಯಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವವರೆಗೆ ನಮ್ಮ ಕಡೆಯ ಕಾಲೇಜುಗಳು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಅದೇ ವಿಶ್ವವಿದ್ಯಾಲಯದಿಂದ 1933ರಲ್ಲಿ ಕಮಲಾ ಭಾಗವತ ಎಂಬ ತರುಣಿ ರಸಾಯನಶಾಸ್ತ್ರ, ಭೌತಶಾಸ್ತ್ರ ಓದಿ ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ ಪಡೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರೆ, ಆಗ ಅಲ್ಲಿ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಅವರು ಹೆಣ್ಣೆಂಬ ಕಾರಣಕ್ಕೆ ಬೇಡವೆಂದರು. ನೊಬೆಲ್ ಬಂದು ಮೂರು ವರ್ಷವಾಗಿತ್ತು, ಅವರ ಮಾತಿಗೆ ಎದುರು ಹೇಳುವವರಾರು? ಕಮಲಾ ಹೇಳಿದರು. ಬೆಂಗಳೂರಿಗೇ ಹೋಗಿ ಸತ್ಯಾಗ್ರಹದ ಮಾತಾಡಿದರು. ಕಡೆಗೆ, ಒಂದು ವರ್ಷ ಕೆಲಸ ನೋಡಿ ಆಮೇಲೆ ತೀರ್ಮಾನವೆಂಬ ಷರತ್ತಿನ ಮೇಲೆ ಸೀಟು ಸಿಕ್ಕಿತು. ಅವರ ಕೆಲಸ ನೋಡಿದ ಮೇಲೆ ರಾಮನ್ ಆ ಸಂಸ್ಥೆಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲು ಒಪ್ಪಿದರು. 1939ರಲ್ಲಿ ಕಮಲಾ ಕೇಂಬ್ರಿಜ್ಜಿನ ಪಿಎಚ್.ಡಿ. ಪಡೆದರು. ವಿಜ್ಞಾನಿಗಳ ಮನೆಯಲ್ಲಿ ಹುಟ್ಟಿದ ಹುಡುಗಿಗೇ ಈ ಪಾಡಾದರೆ, ಮೋಟೆಬೆನ್ನೂರಿನ ಒಕ್ಕಲುಮನೆಯ ಹುಡುಗಿಯ ಪಾಡು ಹೇಳಬೇಕಾಗಿಲ್ಲ.

ನಮ್ಮ ತಾಲೂಕುಗಳ ಹೆಣ್ಣುಮಕ್ಕಳಿಗೆ ಬಾಗಿಲು ಸ್ವಲ್ಪ ಅಗಲವಾದದ್ದು 1971ರ ಸುಮಾರಿಗೆ, ಪಿಯುಸಿ ಎರಡು ವರ್ಷದ್ದಾದಾಗ. ಹೈಸ್ಕೂಲುಗಳ ಗೋಡೆಗೇ ‘ಜೂನಿಯರ್ ಕಾಲೇಜು’ ಎಂಬ ಬೋರ್ಡು ಬಿತ್ತು. ಧಾರವಾಡದಲ್ಲಿ ರೂಮು ಮಾಡಿಕೊಂಡಿರಲು ಬಿಡದ ಅಪ್ಪಂದಿರು, ಸಂಜೆಗೆ ಮನೆಗೆ ಬರುವುದಾದರೆ ಹೋಗಲಿ ಎಂದರು.

ನಾನು 1974ರಲ್ಲಿ ಬ್ಯಾಡಗಿಯಿಂದ ಪಕ್ಕದ ಊರಿನ ಕಾಲೇಜಿಗೆ ಸೈನ್ಸಿಗೆ ಸೇರಿದೆ. ತರಗತಿಯಲ್ಲಿ ಹುಡುಗಿಯರು ಏಳು ಮಂದಿ, ಮುಂದಿನ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂಡುತ್ತಿದ್ದೆವು. ಎರಡನೆಯ ಅಡ್ಡಿ ಎದುರಾದದ್ದು ಅಲ್ಲಿ. ಹತ್ತನೆಯ ಇಯತ್ತೆಯವರೆಗೆ ಜವ, ವೇಗ, ವೇಗೋತ್ಕರ್ಷ, ಲೋಲಕ ಎಂದು ಕಲಿತ ನಮಗೆ ಜೂನ್ ತಿಂಗಳ ಒಂದು ಸೋಮವಾರದಿಂದ ಎಲ್ಲವೂ ಸ್ಪೀಡು, ವೆಲಾಸಿಟಿ, ಆಕ್ಸಿಲರೇಶನ್ನು, ಪೆಂಡ್ಯುಲಮ್ಮು. ಲೆಕ್ಕ ಬಿಡಿಸುವುದು ಗೊತ್ತು, ಪ್ರಶ್ನೆ ಏನು ಕೇಳುತ್ತಿದೆ ಎಂಬುದೇ ಗೊತ್ತಿಲ್ಲ! ಕನ್ನಡಕ್ಕೆ ವಿಜ್ಞಾನ ಒಗ್ಗದು ಎನ್ನುವವರಿಗೆ ಬೆಳ್ಳಾವೆ ವೆಂಕಟನಾರಣಪ್ಪನವರ ಹೆಸರು ಹೇಳಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅವರು 1918ರ ಸುಮಾರಿಗೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ನಡೆಸಿದರು. 1931ರಲ್ಲಿ ಪಂಪನ ಭಾರತವನ್ನು ಸಂಪಾದಿಸಿಕೊಟ್ಟವರೂ ಅವರೇ. ಆದರೆ ನಮ್ಮ ಕ್ಲಾಸಿನಲ್ಲಿ ಅವರ ಹೆಸರನ್ನು ಯಾರೂ ಎತ್ತಲಿಲ್ಲ.

ಅರ್ಥವಾದಾಗಿನ ಖುಷಿಯೇ ಬೇರೆ. ಲೋಲಕದ ಪ್ರಯೋಗ ನೆನೆಯುತ್ತೇನೆ. ಒಂದು ಮೀಟರ್ ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟರೆ ಇಪ್ಪತ್ತು ಸಲ ಹೋಗಿಬರಲು ಸುಮಾರು ನಲವತ್ತು ಸೆಕೆಂಡು. ಉದ್ದವನ್ನು ಬದಲಿಸುತ್ತ ಅಳೆದು, ಸೂತ್ರದ ಎರಡೂ ಬದಿಯನ್ನು ವರ್ಗ ಮಾಡಿ ಬದಿ ಬದಲಿಸಿದರೆ, ಭೂಮಿ ವಸ್ತುಗಳನ್ನು ತನ್ನತ್ತ ಸೆಳೆಯುವ ವೇಗೋತ್ಕರ್ಷವೇ ಕೈಗೆ ಸಿಗುತ್ತದೆ: ಸೆಕೆಂಡಿಗೆ ಸೆಕೆಂಡಿಗೆ 980 ಸೆಂಟಿಮೀಟರ್. ಗುಂಡು ಭಾರವಿರಲಿ ಹಗುರವಿರಲಿ, ಕಾಲ ಅಷ್ಟೇ. ಇದನ್ನು ಕೇಳಿ ನನ್ನ ಪಕ್ಕದ ಗೆಳತಿ ಪಿಸುಗುಟ್ಟಿದಳು: “ಪಂಚಮಿ ಜೋಕಾಲಿ ಹಂಗ ಅಲ್ಲೇನ?” ಹೌದಲ್ಲ! ನಾಗರಪಂಚಮಿಗೆ ಬೇವಿನ ಮರಕ್ಕೆ ಕಟ್ಟಿದ ಇಪ್ಪತ್ತಡಿ ಹಗ್ಗದ ಜೋಕಾಲಿ ದಪ್ಪ ಅತ್ತೆ ಕೂತರೂ ಸಣ್ಣ ಸೊಸೆ ಕೂತರೂ ಒಂದು ಸಲ ಹೋಗಿಬರಲು ಐದು ಸೆಕೆಂಡಿನ ಆಸುಪಾಸೇ ತೆಗೆದುಕೊಳ್ಳುತ್ತದೆ. ಇಷ್ಟು ವರ್ಷ ಆಡಿದ್ದೆವು, ಎಣಿಸಿರಲಿಲ್ಲ.

ಇನ್ನೊಂದು ಪಾಠ ನಮ್ಮವ್ವನಿಗೆ ಸಿಟ್ಟು ತರಿಸಿತು. ತಲೆಯ ಮೇಲೆ ಕೊಡ ಹೊತ್ತು ಸಮನೆಲದಲ್ಲಿ ಮೈಲುಗಟ್ಟಲೆ ನಡೆದರೂ ಗುರುತ್ವದ ವಿರುದ್ಧ ಮಾಡಿದ ಕೆಲಸ ಸೊನ್ನೆ. ಹದಿನೈದು ಕಿಲೊ ಕೊಡವನ್ನು ನೆಲದಿಂದ ಒಂದೂವರೆ ಮೀಟರ್ ಎತ್ತಿದ್ದಕ್ಕೆ ಮಾತ್ರ ಲೆಕ್ಕ, ಸುಮಾರು 220 ಜೂಲ್. ಅವ್ವ ಕೇಳಿ, “ಹಂಗಾದ್ರ ನಿಮ್ಮ ಸರ್ರು ನಾಳೆ ಬಂದು ನಾಕು ಕೊಡ ಹೊರಲಿ, ಆಮ್ಯಾಲ ಸೊನ್ನಿ ಅನಲಿ” ಎಂದಳು. ಸೂತ್ರ ತಪ್ಪಲ್ಲ, ಬಲ ಮೇಲಕ್ಕೆ, ನಡಿಗೆ ಅಡ್ಡಕ್ಕೆ. ಆದರೆ ಕುತ್ತಿಗೆಯ ನೋವು ಆ ಸೂತ್ರದೊಳಗೆ ಬರುವುದಿಲ್ಲ ಎಂದು ಅವಳಿಗೆ ತಿಳಿಸುವಷ್ಟು ಫಿಜಿಕ್ಸ್ ಆಗ ನನಗೂ ಬಂದಿರಲಿಲ್ಲ.

ಮೂರನೆಯ ಅಡ್ಡಿ ಗಡಿಯಾರ. ಪ್ರಾಕ್ಟಿಕಲ್ಲಿನಲ್ಲಿ ಹುಡುಗಿಯರ ಬ್ಯಾಚು ಯಾವಾಗಲೂ ಕೊನೆಗೆ. ಅದು ಮುಗಿಯುವಷ್ಟರಲ್ಲಿ ಸಂಜೆಯ ಮೀಟರ್‌ಗೇಜ್ ಗಾಡಿ ಹೋಗಿಬಿಡುತ್ತಿತ್ತು. ಬ್ಯಾಚು ಬದಲಿಸಿರೆಂದು ಏಳೂ ಮಂದಿ ಸಹಿ ಮಾಡಿ ಅರ್ಜಿ ಕೊಟ್ಟೆವು. ಬದಲಾಗಲಿಲ್ಲ. ಜೋಕಾಲಿಯ ಮಾತು ಹೇಳಿದ ಗೆಳತಿ ಎರಡು ಸಲ ಕತ್ತಲಾದ ಮೇಲೆ ಮನೆ ಮುಟ್ಟಿದಳು; ಮೂರನೆಯ ಸಲಕ್ಕೆ ಅವರಪ್ಪ ಕಾಲೇಜು ಬಿಡಿಸಿದರು. ನಮ್ಮೇಳು ಮಂದಿಯಲ್ಲಿ ಬೀಜಗಣಿತ ಎಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದದ್ದು ಅವಳಿಗೆ. ನಾವಿಬ್ಬರೂ ಅರ್ಧ ಅರ್ಧ ದುಡ್ಡು ಹಾಕಿ ಕೊಂಡಿದ್ದ ಕ್ಲಾರ್ಕ್ ಟೇಬಲ್ ಪುಸ್ತಕ ನನ್ನಲ್ಲಿಯೇ ಉಳಿಯಿತು. ಅವಳ ಪಾಲಿನ ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಆಮೇಲೆ ದಿನಗಳು ಬೇಗ ಓಡಿದವು. 1980ರಲ್ಲಿ ರಾಣೇಬೆನ್ನೂರಿಗೇ ಇಂಜಿನಿಯರಿಂಗ್ ಕಾಲೇಜು ಬಂತು. 1994ರಿಂದ ಸಿಇಟಿ ಬಂದು ಪಿಯುಸಿ ಫಿಜಿಕ್ಸಿನ ಒಂದೊಂದು ಅಂಕಕ್ಕೂ ಬೆಲೆ ಏರಿತು. 1997ರಲ್ಲಿ ಹಾವೇರಿ ಜಿಲ್ಲೆಯೇ ಆಯಿತು. ಈಗ ಹುಡುಗಿಯರು ಸ್ಕೂಟಿಯಲ್ಲಿ ಟ್ಯೂಶನ್ನಿಗೆ ಹೋಗುತ್ತಾರೆ. ಕತ್ತಲಾದರೆ ಮೊಬೈಲಿನಲ್ಲಿ ಒಂದು ಮಾತು ಹೇಳಿದರಾಯಿತು.

ಮೊನ್ನೆ ಎದುರುಮನೆಯ ಹುಡುಗಿ ಪುಸ್ತಕ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು. ಕೊಡ ಹೊತ್ತು ನಡೆದರೆ ಕೆಲಸ ಎಷ್ಟವ್ವಾ ಎಂದು ಕೇಳಿದೆ. “ಜೀರೋ ಆಂಟಿ” ಎಂದಳು ತಲೆ ಎತ್ತದೆ. ಅವಳಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅವರ ಮನೆಯೊಳಗೇ ನಳ ಬಂದು ಎಷ್ಟೋ ವರ್ಷವಾಗಿದೆ. ಒಳಗೆ ಹಸಿಬಟಾಣಿ ಸುಲಿಯುತ್ತಿದ್ದ ಅವಳಜ್ಜಿ ಮಾತ್ರ ಕೈ ನಿಲ್ಲಿಸಿ, “ಏನಂದಳಕಿ?” ಎಂದು ನನ್ನನ್ನು ಕೇಳಿದರು.